ನಟ್ಟನಡುವಿನ ಗುಣಿ

ಹರ್ಮಟಾನ್ ಗಾಳಿಗೆ ತಮಾಲೆಯ ಬೇವಿನ ಮರಗಳೂ
ಬೂದಿ ಬಳಿದುಕೊಂಡು ನಿಂತ ತಿಂಗಳು.
ಸಹಾದಾ ಗಾಡಿ ತಳ್ಳಿಕೊಂಡೇ ಬಂದಳು.
ಹಿಂದಿನ ಸೀಟಿಗೆ ಬಿಗಿದ ನೀಲಿ ಪೆಟ್ಟಿಗೆಯಲ್ಲಿ
ಮಕ್ಕಳ ಲಸಿಕೆ, ಕರಗುತ್ತಿರುವ ಮಂಜುಗಡ್ಡೆ.
"ಮುಂದಿನ ಗಾಲಿ ಮತ್ತೆ ಕುಡಿದಿದೆ," ಅಂದಳು.

ಮತ್ತೆ.
ಹೋದ ತಿಂಗಳು ಟೈರು ಬದಲಿಸಿದ್ದು ನಾನು,
ಅದರ ಹಿಂದಿನ ತಿಂಗಳು ಗಾಲಿಯ ಬೇರಿಂಗು,
ಎರಡಕ್ಕೂ ದುಡ್ಡು ಎಣಿಸಿಕೊಂಡವನೂ ನಾನೇ.

ಅಜಾರಾ ಕೋಲಾ ಕಾಯಿ ಅಗಿಯುತ್ತ ಕೂತಿದ್ದಳು.
ಏಳಲಿಲ್ಲ. ಪೆಟ್ಟಿಗೆಯನ್ನು ಮೊಸರಿನವಳ ಫ್ರಿಜ್ಜಿಗೆ ಕಳಿಸಿ
ಕೂತಲ್ಲಿಂದಲೇ ಕೇಳಿದಳು:
ಎಷ್ಟು ವೇಗದಲ್ಲಿ? ಬ್ರೇಕು ಹಿಡಿದಾಗಲೋ, ಬಿಟ್ಟಾಗಲೋ?
ತಿರುವಿನಲ್ಲೋ, ನೇರ ರಸ್ತೆಯಲ್ಲೋ?

"ತಿರುವಿನಲ್ಲಿ ಸಾಧು. ನೇರದಲ್ಲೇ ಹಠ.
ಎಡಕ್ಕೆ ಕೂದಲೆಳೆಯಷ್ಟು ತಿದ್ದಹೋದರೆ
ಬಲಕ್ಕೆ ಮೊಳದಷ್ಟು ವಾಲತ್ತೆ."

ಇಂಜಿನ್ನಿನಡಿ ಸೋಡಾ ಕ್ರೇಟು ಕೊಟ್ಟು ಗಾಲಿ ಎತ್ತಿದೆ.
ಫೋರ್ಕಿಗೆ ಮೊಳೆ ಆನಿಸಿ, ರಿಮ್ಮಿನ ಅಂಚಿಗೆ ಹಿಡಿದು, ತಿರುಗಿಸಿದೆ:
ಸುತ್ತು ಮುಗಿದರೂ ಅದೇ ಸಂದು,
ಎಳ್ಳಿನಷ್ಟು ಹೆಚ್ಚಿಲ್ಲ, ಕಡಿಮೆಯಿಲ್ಲ.
ಕಡ್ಡಿಗಳನ್ನು ಸ್ಪ್ಯಾನರಿನಿಂದ ಒಂದೊಂದೇ ತಟ್ಟಿದೆ.
ಟಣ್, ಟಣ್, ಟಣ್,
ಒಂದರದು ಮಾತ್ರ ಮಂಕು ದನಿ.
"ಸಿಕ್ಕಿತು!"
"ಮೂವತ್ತಾರು ಜನರ ಮನೆಯಲ್ಲಿ ಒಬ್ಬ ಸೋಮಾರಿ,"
ಅಂದಳು ಅಜಾರಾ. "ಅಷ್ಟಕ್ಕೆ ಮನೆ ಬೀಳುವುದಿಲ್ಲ."

ಕಾಲು ಸುತ್ತು ಬಿಗಿದೆ.
ಗಾಲಿಯ ನೆತ್ತಿ, ಪಾದ ಹಿಡಿದು ಅಲುಗಿಸಿದೆ. ಗಟ್ಟಿ.
ನಾನು ಹಾಕಿದ ಬೇರಿಂಗು, ನಾನು ಹಾಕಿದ ಟೈರು,
ಎರಡೂ ನಿರಪರಾಧಿಗಳ ಮುಖ ಹೊತ್ತು
ನನ್ನನ್ನೇ ನೋಡುತ್ತಿದ್ದವು.

ಆಗ ಎದ್ದಳು. ಕೈ ಒರೆಸಿಕೊಂಡು,
ನಿದ್ದೆಹೋದ ಮಗುವಿನ ತಲೆ ಹೊರಳಿಸುವಂತೆ
ಹ್ಯಾಂಡಲನ್ನು ಎರಡೇ ಬೆರಳಲ್ಲಿ
ಎಡಕೊನೆಯಿಂದ ಬಲಕ್ಕೆ ತಂದಳು.
ನಟ್ಟನಡುವೆ ಅದು ಕೂತಿತು.
ನನ್ನ ಬೆರಳು ಎಳೆದು ಅಲ್ಲಿಟ್ಟಳು:
ಬೆರಳಿಗಷ್ಟೇ ಕೇಳುವ ಟಕ್.

ಗಾಡಿಯ ಕತ್ತು ಬಿಚ್ಚಿದೆವು.
ಗ್ರೀಸು ಮರಳು ಕುಡಿದು ಸೀದ ಬೆಲ್ಲದ ಪಾಕ.
ಒರೆಸಿದರೆ ಉಕ್ಕಿನ ಬಳೆ,
ಬಳೆಯೊಳಗೆ ಗುಂಡಿಗೊಂದರಂತೆ ಪುಟ್ಟ ಪುಟ್ಟ ಗುಣಿ,
ಮುದುಕರು ಮರದಡಿ ಆಡುವ ಅಳಗುಳಿ ಮಣೆ ಥೇಟು.

"ಎಂಟು ವರ್ಷ ಎಲ್ಲಿಗೆ ಓಡಿಸಿದೆ?"
"ಇಲ್ಲಿಂದ ಸವೆಲುಗು. ಸವೆಲುಗಿನಿಂದ ಇಲ್ಲಿಗೆ.
ನೇರ ರಸ್ತೆ."
"ಅದಕ್ಕೇ."

ಪ್ರತಿ ಹಳ್ಳದ ಏಟೂ ಬಿದ್ದದ್ದು ಅದೇ ಜಾಗಕ್ಕೆ,
ಪ್ರತಿ ಸಲವೂ ಮುಖ ಮುಂದಕ್ಕೇ ಇತ್ತಲ್ಲ.
ನೇರ ಹೋಗಿ ಹೋಗಿಯೇ ತೋಡಿದ ಗುಣಿ.
ನೆಟ್ಟಗೆ ಹೋಗುವುದೆಂದರೆ
ಚೂರು ವಾಲುವುದು, ಚೂರು ತಿದ್ದಿಕೊಳ್ಳುವುದು,
ಯಾರಿಗೂ ಕಾಣದ ಹಾಗೆ, ದಾರಿಯುದ್ದಕ್ಕೂ.
ಗಾಡಿ ಅದನ್ನು ಮರೆತಿತ್ತು.

ಹಳೆಯ ಬಳೆಯನ್ನು ಬಡಿದು ಹೊರಗೆ ತೆಗೆದೆವು,
ಹೊಸದನ್ನು ಕೂರಿಸಲು ಹಳೆಯದನ್ನೇ ಮೇಲಿಟ್ಟು ಬಡಿದೆವು
(ಸುತ್ತಿಗೆಯ ಏಟು ಹೊಸಬನಿಗೆ ನೇರ ಬೀಳಬಾರದು).
ಹೊಸ ಗುಂಡು, ಕೈತುಂಬ ಗ್ರೀಸು.
ನಟ್ಟು ಬಿಗಿದೆ. "ಜಾಸ್ತಿಯಾಯಿತು." ಸಡಿಲಿಸಿದೆ.
"ಈಗ ಕುಟ್ಟುತ್ತೆ." ಮತ್ತೆ ಬಿಗಿದೆ.
ಉಗುರಿನಿಂದ ತಟ್ಟಿದರೆ
ಹ್ಯಾಂಡಲು ತನ್ನ ಭಾರಕ್ಕೆ ತಾನೇ
ಎಡಕ್ಕೆ ಹೊರಳಿ ಮಲಗುವ ತನಕ.

ಸಹಾದಾ ಪೆಟ್ಟಿಗೆ ಕಟ್ಟಿಕೊಂಡು ಹೊರಟಳು.
ಟೈರಿನ ದುಡ್ಡು ನನ್ನ ಸಂಬಳದಿಂದ ಅವಳಿಗೆ ವಾಪಸು.
ಬೇರಿಂಗಿನದು ಮುಂದಿನ ತಿಂಗಳು.

ಮಾರನೆಯ ದಿನ ಕುರಿ ವ್ಯಾಪಾರಿ ನೈಂದೋ ಬಂದ:
"ಮುಂದಿನ ಗಾಲಿ ಯಾಕೋ ಎಳೆದಾಡುತ್ತೆ."
ನಾನು ತಜ್ಞ. ಕ್ರೇಟು ತಂದೆ,
ಎರಡೇ ಬೆರಳಲ್ಲಿ ಹ್ಯಾಂಡಲು ಹಿಡಿದೆ,
ಕಣ್ಣು ಕೂಡ ಮುಚ್ಚಿದೆ.

ಅಜಾರಾ ಕೋಲಾ ಉಗಿದಳು.
"ಮೊದಲು ಟೈರಿನ ಗಾಳಿ ನೋಡೋ."